ಸುರಗಿಯ ದಿನದ ಬನಿಯನ್

ರಬಕವಿ
16 ಫೆಬ್ರುವರಿ 2025

ಜ್ಞಾನೂ,

ನಿನ್ನಪ್ಪನ ಆಶೀರ್ವಾದ. ನಿನ್ನ ಆಪರೇಷನ್ ಆಗಿ ಹನ್ನೊಂದು ದಿನಕ್ಕೆ ಬರೆಯುತ್ತಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಾಳೆ ನಮ್ಮ ಓಣಿಯ ಹೊಳೆಪ್ಪ ವಿಜಯಪುರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಿನ್ನವ್ವ ದಿನಾ ಆಸ್ಪತ್ರೆಯಿಂದ ಸುದ್ದಿ ಹೇಳುತ್ತಾಳೆ. ಎದೆಯ ಎಡಕ್ಕೆ ರಕ್ತ ಕಟ್ಟಿ ಮತ್ತೆ ಕೊಯ್ದರಂತೆ, ಕೆಟ್ಟ ರಕ್ತ ಇಳಿಯಲು ಹಾಕಿದ ನಳಿಕೆ ಇನ್ನೂ ತೆಗೆದಿಲ್ಲವಂತೆ. ಆರು ವಾರ ಬಿಗಿ ಅಂಗಿ ತೊಡಬೇಕಂತೆ. ಡಾಕ್ಟರು, "ಎಷ್ಟೋ ಹುಡುಗರಿಗೆ ಹಿಂಗ ಎದಿ ಬೆಳೀತೈತ್ರಿ, ಇದು ಯಾರ ತಪ್ಪೂ ಅಲ್ರಿ" ಅಂದರಂತೆ. ಅದನ್ನು ಹೇಳುವಾಗ ಅವಳು ಅತ್ತಳು. "ಹನ್ನೆರಡು ವರ್ಷದವ ಇದ್ದಾಗಿಂದ ಕೂಸು ಒಳಗ ನುಂಗಿಕೊಂಡೈತಿ, ನಮಗ ಒಂದ ಮಾತು ಹೇಳಲಿಲ್ಲ ನೋಡ್ರಿ" ಅಂದಳು. ನಾನು ಹೂಂ ಅಂದು ಫೋನ್ ಇಟ್ಟೆ.

ಇಲ್ಲಿ ಮಗ್ಗ ನಡೆದಿವೆ. ಕರೆಂಟಿನದು ಅದೇ ಹಾಡು, ಸುಡಲಿ. ನಿನ್ನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇದೆ, ಯಾರಿಗೂ ಮುಟ್ಟಗೊಟ್ಟಿಲ್ಲ. ಇನ್ನೊಂದು ಸುದ್ದಿ. ಸಾವಳಗಿಯ ಪೂರ್ಣಿಮಾಗೆ ಬೇರೆ ಕಡೆ ನಿಶ್ಚಯವಾಯಿತಂತೆ. ನಿನ್ನ ಹೆಂಡತಿಯಾಗಬೇಕಿದ್ದವಳು, ಮಂದಿಯ ಬಾಯಿಂದ ನೀನು ಕೇಳುವುದು ಬೇಡ ಅಂತ ನಾನೇ ಬರೆದೆ.

ಆ ದಿನದ ಮಾತು ಆಡದೆ ವಿಧಿಯಿಲ್ಲ. ಓಣಿಯಲ್ಲಿ ಯಾರ ಮದುವೆಯಾದರೂ ಸುರಗಿಗೆ ನೂಲು ನಮ್ಮ ಮನೆಯದೇ. ಇದು ನನ್ನ ಮಗನದೇ ಮದುವೆ! ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅರಿಷಿಣದ ಸ್ನಾನಕ್ಕೆ ನಿನ್ನನ್ನು ನಡುವೆ ಕೂರಿಸಿ, ನಾನೇ ಐದು ಸುತ್ತು ನೂಲು ಸುತ್ತಿದೆ. ನೀನು ಬನಿಯನ್ ತೊಟ್ಟೇ ಕುಳಿತಿದ್ದೆ. "ಬನೀನ ತಗಿಯೋ ತಮ್ಮಾ, ಮದಿಮಗ ಹಿಂಗ ನಾಚಿದರ ಹೆಂಗ?" ಎಂದು ಹೆಂಗಸರು ಕಾಡಿದರು. ಹೊಳೆವ್ವ ಮುದುಕಿ ನನ್ನ ಕಡೆ ನೋಡಿ ಏನೋ ಅಂದು ನಕ್ಕಳು. ನೀನು, "ಬ್ಯಾಡ್ರಿ ಅಪ್ಪಾ, ಕೈ ಮುಗೀತೇನ್ರಿ" ಅಂದೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ನೂಲು ಕತ್ತರಿಸಿದ ಕತ್ತರಿ ಕೈಯಲ್ಲೇ ಇತ್ತು. ಕೊರಳಿನಿಂದ ಹೊಟ್ಟೆಯ ತನಕ ನಿನ್ನ ಬನಿಯನ್ ಸೀಳಿಬಿಟ್ಟೆ.

ಒಳಗೆ ನೀನು ಎದೆಗೆ ಬಿಗಿದುಕೊಂಡಿದ್ದ ಸೀರೆಯ ತುಂಡೂ ಕತ್ತರಿಗೆ ಸಿಕ್ಕಿತು. ಆಮೇಲಿನ ನಗು ನಿನ್ನ ಕಿವಿಯಲ್ಲೂ ಇರಬೇಕು, ನನ್ನ ಕಿವಿಯಲ್ಲೂ ಇದೆ. ನೀನು ಎದ್ದು ಓಡಿದಾಗ ಸುರಗಿಯ ನೂಲು ಹರಿಯಿತು. ಬೀಗರು ಅಪಶಕುನ ಎಂದು ಎದ್ದುಹೋದರು. ನಾನು ಊರ ತುಂಬ, "ನನಗೇನ ಗೊತ್ತಿತ್ತರೀ?" ಅನ್ನುತ್ತ ತಿರುಗಿದೆ.

ಬುಧವಾರ ನಳಿಕೆ ತೆಗೆದ ಮೇಲೆ ಮನೆಗೆ ಬಾ. ಕರೆಯುವ ಮುಖ ನನಗಿಲ್ಲ, ಆದರೂ ಕರೆಯುತ್ತೇನೆ. "ಅಪ್ಪ ಇರೋ ಮನಿಗೆ ನಾ ಬರಾಂಗಿಲ್ಲ" ಅಂದೆಯಂತೆ. ಹಾಗಾದರೆ ನಾನು ಗಲಗಲಿಗೆ, ನಿನ್ನ ಸೋದರತ್ತೆ ತಾರವ್ವನ ಮನೆಗೆ ಹೋಗಿರುತ್ತೇನೆ. ನೀನು ಮಾತ್ರ ನಿನ್ನ ಮನೆ ಬಿಡಬೇಡ. ಗಾಯ ಬೇಗ ಮಾಯಲಿ, ನೋವಿಲ್ಲದ ನಿದ್ದೆ ಬರಲಿ ಮಗನೇ.

ನಿನ್ನಪ್ಪ
ನಾಮದೇವ

ತಾ.ಕ.: ನನಗೆ ಗೊತ್ತಿತ್ತು, ಜ್ಞಾನೂ. ನನ್ನ ಎದೆಯೂ ಹಾಗೇ ಇದೆ. ಅದಕ್ಕೇ ಬೇಸಿಗೆಯಲ್ಲೂ ನಾನು ಅಂಗಿ ಬಿಚ್ಚುವುದಿಲ್ಲ, ಹೊಳೆಗೆ ಇಳಿಯುವುದಿಲ್ಲ. ನಿನ್ನವ್ವನಿಗೆ ಗೊತ್ತು, ಎಂದೂ ಆಡಿ ತೋರಿಸಿಲ್ಲ. ಹೊಳೆವ್ವ ಆ ದಿನ ಅಂದದ್ದು, "ಇವರಪ್ಪನೂ ಸುರಗಿಯಾಗ ಬನೀನ ತಗದಿರಲಿಲ್ಲ ನೋಡ್ರಿ!" ಎಲ್ಲರ ಕಣ್ಣು ನನ್ನ ಅಂಗಿಯ ಮೇಲೆ ಬೀಳುತ್ತದೆ ಎಂದು ಹೆದರಿ ನಿನಗೆ ಕತ್ತರಿ ಹಾಕಿದೆ. ನನ್ನ ಸುರಗಿಯಲ್ಲಿ ಬನಿಯನ್ನಿಗೆ ಕೈ ಹಾಕಿದವರನ್ನು ನಿನ್ನ ಅಜ್ಜಿ ಮುದಕವ್ವ ತಡೆದಿದ್ದಳು. "ನನ್ನ ಮಗಗ ಥಂಡಿ ಆಗೈತಿ, ಹಂಗ ಹಚ್ರಿ" ಅಂದಳು, ಅಷ್ಟೇ. ಬನಿಯನ್ ಮೇಲೆಯೇ ಅರಿಷಿಣ ಹಚ್ಚಿದರು. ಆ ಒಂದು ಮಾತು ಆಡಲು ನನಗೂ ಬರುತ್ತಿತ್ತು.