ಕೌದಿಯ ನಾಲ್ಕನೆಯ ಮೂಲೆ

ಹಿರೋಳ್ಳಿ,
೧೨ ಡಿಸೆಂಬರ್ ೧೯೪೮

ನನ್ನ ಪೀರಬಿಗೆ,

ನಿನ್ನ ಮಗ್ಗುಲ ಮನೆಯ ಮಾಣಿಕಮ್ಮ ಬರೆಯುತ್ತಿದ್ದೇನೆ. ಜೇವರ್ಗಿಯಲ್ಲಿ ಈ ಕಾಗದ ಓದಿ ಹೇಳುವವನು ನಿನ್ನ ತಮ್ಮ ಜಹೀರುದ್ದೀನನೇ ಎಂದು ಗೊತ್ತು. ಅವನಿಗೆ ಹೇಳು, ನನ್ನ ಅಕ್ಷರ ನೋಡಿ ನಗಬಾರದು, ಒಂದು ಸಾಲೂ ಬಿಟ್ಟು ಓದಬಾರದು.

ಇಲ್ಲಿ ಎಲ್ಲರೂ ಕ್ಷೇಮ. ಜೋಳ ಎದೆಯುದ್ದ ಬಂದಿದೆ. ನಮ್ಮ ಹಾಸಿಗೆಗಳಲ್ಲಿ ಸೇರಿಕೊಂಡಿದ್ದ ಕೂರೆ ಹೇನು ಮೊನ್ನೆಗೆ ಪೂರಾ ಹೋದವು. ಮೂರು ಸಲ ಕುದಿಸಬೇಕಾಯಿತು. ನೀನಿದ್ದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು.

ಪ್ರತಿ ವರ್ಷ ಮಿರಗದ ಮಳೆಗೆ ಮೊದಲು ನಿನ್ನ ಹಿತ್ತಲ ಬೇವಿನ ಗಿಡದ ಕೆಳಗೆ ಹಂಡೆ ಇಡುತ್ತಿದ್ದೆವಲ್ಲ. ಬೂದಿ, ಸೌಳು ಮಣ್ಣು, ಬೇವಿನ ಸೊಪ್ಪು ಹಾಕಿ ಎರಡೂ ಮನೆಯ ಕೌದಿ ಒಟ್ಟಿಗೆ ಕುದಿಸಿ, ಹಳ್ಳದ ಕಾದ ಬಂಡೆಯ ಮೇಲೆ ಹರವಿ, ಹೊಲಿಗೆಯ ಸಂದಿಯಲ್ಲಿ ಉಗುರು ಆಡಿಸುತ್ತ ಕೂರುತ್ತಿದ್ದೆವು. ನೀನು ಕುಕ್ಕಿದ ಕೂರೆ ಗುಟ್ಟಾಗಿ ನನ್ನ ಕೌದಿಯ ಮೇಲಿಟ್ಟು, ನೋಡ ಬೇ, ನಿಮ್ಮ ಮನಿಯವು ಹೆಂಗ ಉಂಡು ಬೆಳದಾವ ಎನ್ನುತ್ತಿದ್ದೆ. ಉಂಡವರ ಮನಿಗೇ ಬರ್ತಾವ ಬಿಡು ಎಂದು ನಾನು ಅನ್ನುತ್ತಿದ್ದೆ. ಆ ದಿನಗಳು ಎಷ್ಟು ಬೇಕೆನಿಸುತ್ತವೆ ಗೊತ್ತೇ.

ನನ್ನ ಅಮೃತಾ ಹುಟ್ಟಿದ ವರ್ಷ ನಾವಿಬ್ಬರೂ ಕೂತು ದೊಡ್ಡ ಕೌದಿ ಹೊಲಿದದ್ದು ಮೊನ್ನೆ ಮೊನ್ನೆ ಅನ್ನಿಸುತ್ತದೆ. ನನ್ನ ಅವ್ವನ ಇಳಕಲ್ ಸೀರೆ, ನಿನ್ನ ನಿಕಾಹದ ಕೆಂಪು ಓಢಣಿ. ಕೊನೆಯ ಮೂಲೆ ಮುಚ್ಚುವ ಮೊದಲು ಅವ್ವ ತಡೆದಳು. ಕೌದಿ ಹಸಕೊಂಡು ಇರಬಾರದು, ಹೊಲಿದವರೆಲ್ಲ ಒಂದೊಂದು ರೊಟ್ಟಿಚೂರು ಅದರ ಹೊಟ್ಟೆಗೆ ಹಾಕಬೇಕು, ಇಲ್ಲದಿದ್ದರೆ ಹೊದ್ದವರ ನಿದ್ದೆ ತಿನ್ನುತ್ತದೆ ಎಂದಳು. ನಿನ್ನ ಚೂರು, ನನ್ನ ಚೂರು ಒಂದೇ ಮೂಲೆಯಲ್ಲಿ ಹೋದವು.

ಈ ವರ್ಷದ ಮೊದಲಿಗೆ ಬಂದೂಕಿನವರ ಗದ್ದಲಕ್ಕೆ ಹೆದರಿ ನಾವು ಸರಹದ್ದಿನಾಚೆ ಶಿಬಿರಕ್ಕೆ ಓಡುವಾಗ ಆ ಕೌದಿ ನಿನ್ನ ಕೈಗೇ ಕೊಟ್ಟೆ. ದಸರೆಗೆ ಮರಳಿದಾಗ ಬೇವಿನೆಲೆ ಇಟ್ಟು ಮಡಚಿದ್ದನ್ನು ನೀನೇ ತಂದುಕೊಟ್ಟೆ. ವಾರದೊಳಗೆ ಅದರಲ್ಲಿ ಕೂರೆ ಕಂಡವು. ನನ್ನ ನಾಲಿಗೆಗೆ ಏನಾಗಿತ್ತೋ, ಬಾವಿಕಟ್ಟೆಯಲ್ಲಿ ಓಣಿಯ ಹೆಂಗಸರೆಲ್ಲರ ಮುಂದೆ, ಯಾವ ಬಂದೂಕಿನವರನ್ನ ಮಲಗಿಸಿದ್ದಿ ಬೇ ಇದರ ಮ್ಯಾಲ ಎಂದುಬಿಟ್ಟೆ. ಗಂಡನಿಲ್ಲದ ಹೆಂಗಸಿಗೆ ಆಡಬಾರದ ಮಾತು ಅದು. ನೀನು ತುಂಬಿದ ಕೊಡ ಅಲ್ಲೇ ಇಟ್ಟು ಹೋದೆ. ಮೂರನೆಯ ದಿನ ನಿನ್ನ ಬಾಗಿಲಿಗೆ ಕೀಲಿ ಬಿದ್ದಿತ್ತು. ಅಷ್ಟಕ್ಕೂ ಸುಮ್ಮನಾಗದೆ, ಕೌದಿ ಸುಟ್ಟೆ ಎಂದು ನಿನಗೆ ಮುಟ್ಟುವಂತೆ ಹೇಳಿಕಳಿಸಿದೆ.

ನೀನು ಹೋದ ಮೇಲೂ ಕೂರೆ ಹೋಗಲಿಲ್ಲ. ಒಂದು ದಿನ ಶಿಬಿರದಲ್ಲಿ ಕೊಟ್ಟಿದ್ದ ಕಂಬಳಿಯ ಅಂಚು ಬಿಚ್ಚಿ ನೋಡಿದೆ. ಒಳಗೆ ರಾಜಗಿರಿ ಕಾಳಿನಂತೆ ಕೂರೆಯ ಮೊಟ್ಟೆ, ಸೀರುಗಳ ಸಾಲು. ನಲವತ್ತು ಮಂದಿ ಮಲಗುತ್ತಿದ್ದ ಆ ಗೋದಾಮಿನಿಂದ ನಾವೇ ಹೊತ್ತು ತಂದಿದ್ದೆವು ಪೀರಬಿ. ನೀನು ಹಸನಾಗಿಟ್ಟ ಕೌದಿಗೆ ನಾನೇ ಹತ್ತಿಸಿದೆ. ಕಂಬಳಿಯನ್ನು ನಮ್ಮ ಮನೆಯವರು ಹೊಲದಲ್ಲಿ ಸುಟ್ಟು ಬಂದರು.

ಆಮೇಲೆ ಓಣಿಯ ಅಜೀಜಾಬಿ ಹೇಳಿದಳು. ನಾವು ಶಿಬಿರದಲ್ಲಿದ್ದಾಗ ಮಾಘದ ಚಳಿಯಲ್ಲಿ ನೀನೂ ನಿನ್ನ ಮದೀನಾಳೂ ಗೋಣಿತಟ್ಟು ಹೊದ್ದು ಮಲಗಿದಿರಂತೆ. ಅಮ್ಮಾ, ಕೌದಿ ಅದಲ್ಲಾ ಮ್ಯಾಲ ಎಂದು ಕೂಸು ಅತ್ತರೆ, ಅದು ಮಾಣಿಕಮ್ಮಂದು, ಕಾಯಾಕ ಕೊಟ್ಟ ಅಮಾನತ್ತು ಅದ ಎಂದು ಕೌದಿ ಅಟ್ಟದಿಂದ ಇಳಿಸಲಿಲ್ಲವಂತೆ. ಅದನ್ನು ಕೇಳಿದ ದಿನವೇ ಕೊಡ ಎತ್ತಿಕೊಂಡು ಬಾವಿಗೆ ಹೋದೆ.

ಅದೇ ಬಾವಿಕಟ್ಟೆಯಲ್ಲಿ, ಅದೇ ಹೆಂಗಸರ ಮುಂದೆ, ತಪ್ಪು ನನ್ನದು ಎಂದು ಹೇಳಿ ಬಂದಿದ್ದೇನೆ. ನಿನಗೂ ಹೇಳುತ್ತಿದ್ದೇನೆ. ಬೈಯುವುದಿದ್ದರೆ ಬಂದು ಬೈಯಿ.

ನಿನ್ನ ದಾರಿ ನೋಡುತ್ತಿರುವ,
ಮಾಣಿಕಮ್ಮ

ತಾ.ಕ.: ಕೌದಿ ಸುಟ್ಟದ್ದು ಸುಳ್ಳು. ಒಲೆಯ ತನಕ ಒಯ್ದೆ, ನಿನ್ನ ಓಢಣಿಯ ತುಂಡು ನೋಡಿ ಕೈ ಏಳಲಿಲ್ಲ. ಈಗ ಪೂರಾ ಬಿಚ್ಚಿ, ಕುದಿಸಿ, ಮತ್ತೆ ಹೊಲಿದಿದ್ದೇನೆ. ಹಳೆಯ ರೊಟ್ಟಿಚೂರು ನೀರಿನಲ್ಲಿ ಕರಗಿ ಹೋದವು. ಮೂರು ಮೂಲೆ ಮುಚ್ಚಿದ್ದೇನೆ, ನಾಲ್ಕನೆಯದರಲ್ಲಿ ನನ್ನ ಚೂರೊಂದೇ ಇದೆ. ಚಳಿ ಎಂದು ಅಮೃತಾ ದಿನಾ ಕೌದಿ ಕೇಳುತ್ತಾಳೆ. ಪೀರವ್ವ ಬರ್ಲಿ ತಡಿ, ಅದಿನ್ನಾ ಹಸದದ ಎಂದು ಹೇಳಿದ್ದೇನೆ.