ಯಾರ್ಕ್ ಕೋಟೆಗೆ ಬಲಗಡೆಯಿಂದ ಒಂದು ಸುತ್ತು

ಯಾರ್ಕ್, ಇಂಗ್ಲೆಂಡು
21 ಜನವರಿ 2025, ಮಂಗಳವಾರ

ಯಜಮಾನರಿಗೆ ಶಿವಲಿಂಗಮ್ಮನ ನಮಸ್ಕಾರ.

ನಾನೂ ಮಗಳೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಈ ವಿಷಯ ಎತ್ತಿದರೆ ಸಾಕು, ಕಟ್ ಮಾಡುತ್ತೀರಿ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಕೂಡಿಸಿಕೊಂಡು ಓದಿ. ಪೂರ್ತಿ ಓದಿ.

ವಿರೂಪಾಕ್ಷಿಪುರದಿಂದ ಹೊರಡುವಾಗ ನೀವು ಹೇಳಿದ್ದು ಒಂದೇ ಮಾತು: "ಆ ಬಿಳಿ ಹುಡುಗನ್ ಸಂಬಂಧ ಮುರ್ದಾಕ್ಬುಟ್ಟು ಬಾ." ಮುರಿಯುವುದಕ್ಕೇ ಬಂದೆ. ಅವನನ್ನು ಮನೆಗೆ ಕರೆಸಬೇಡ ಎಂದು ಪ್ರತಿಮಾಗೆ ಖಡಾಖಂಡಿತ ಹೇಳಿದ್ದೆ. ನಿಮ್ಮ ಮಗಳಲ್ಲವೇ? ಮೊನ್ನೆ ಭಾನುವಾರ, ಅವಳ ಆಸ್ಪತ್ರೆಯವರೆಲ್ಲ ಗುಂಪಾಗಿ ಊರು ಸುತ್ತುತ್ತಾರೆಂದು ನನ್ನನ್ನೂ ಹೊರಡಿಸಿದಳು. ಹೋಗಿ ನೋಡಿದರೆ ಅವನೂ ಅಲ್ಲೇ! ಹೆಸರು ಎಡ್ವಿನ್. ಆಂಬುಲೆನ್ಸ್ ಓಡಿಸುತ್ತಾನೆ.

ಎರಡು ಸ್ವೆಟರ್, ಮೇಲೆ ಮಗಳ ಕೋಟು, ಕಾಲಿಗೆ ಬೂಟು. ನಾಟಿಗೆ ಇಳಿದವಳ ಹಾಗೆ ಸೀರೆ ಎತ್ತಿ ಕಟ್ಟಿದ್ದೆ. ಆದರೂ ಚಳಿಗೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಈ ಊರಿನ ಸುತ್ತ ಹಳೇ ಕೋಟೆ, ಅದರ ಗೋಡೆಯ ಮೇಲೇ ನಡೆಯುವುದು. ಒಳಗೆ ದೊಡ್ಡ ಚರ್ಚು. ಇಪ್ಪತ್ತು ಜನ ಆ ಚರ್ಚನ್ನು ಎಡಗಡೆಗೆ ಬಿಟ್ಟುಕೊಂಡು ಹೊರಟರು! ನಾನು ನಿಂತುಬಿಟ್ಟೆ.

"ಒಳಗೆ ದೇವ್ರವ್ನೆ. ಎಡಕ್ಕೆ ಬುಟ್ಕಂಡು ಯಾರಾದ್ರೂ ಸುತ್ತಾರಾ? ನಾನು ಬರಕಿಲ್ಲ."

"ಅವ್ವಾ, ಇದು ಪ್ರದಕ್ಷಿಣೆ ಅಲ್ಲ, ವಾಕಿಂಗು."

"ಕಾಲು ನಂದು ಕಣೇ."

ಒಬ್ಬಳೇ ತಿರುಗಿ ಹೊರಟೆ. ಹಿಂದೆ ಬೂಟಿನ ಸದ್ದು. ಅವನೇ. ನಗಲಿಲ್ಲ, ಕಾರಣ ಕೇಳಲಿಲ್ಲ, ಜೊತೆಗೆ ನಡೆದ. ಪ್ರತಿಮಾ ಅವನ ಹಿಂದೆ. ದಾರಿಯುದ್ದಕ್ಕೂ ಅವನನ್ನು ಬೈದೆ. ಮಗಳು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳೋ ನುಂಗಿಕೊಂಡಳೋ ಗೊತ್ತಿಲ್ಲ.

ಒಂದು ಕಡೆ ಗೋಡೆಯ ಒಳಬದಿಗೆ ಕಂಬಿಯೇ ಇಲ್ಲ. ಯಾರದೋ ಹಿತ್ತಲಲ್ಲಿ ಏನು ಬೆಳೆದಿದ್ದಾರೆ ಎಂದು ಬಗ್ಗಿದೆ. ಅವನು ಕೋಟು ಹಿಡಿದು ಹಿಂದಕ್ಕೆಳೆದು ಜೋರಾಗಿ ಗದರಿದ. ನನ್ನನ್ನು!

"ಏನಂದ್ನೇ?"

"ಎರಡು ಸಲ ಹೇಳಿದೀನಿ, ಕಿವಿ ಕೇಳಲ್ವಾ ಅಂತವ್ನೆ ಕಣವ್ವಾ."

ನನಗೆ ನಗು ತಡೆಯಲಿಲ್ಲ. ನಲವತ್ತು ವರ್ಷದಿಂದ ನನ್ನನ್ನು ಗದರಿದವರಿಲ್ಲ. ನೀವಂತೂ ನಾನು ಬಾಯಿ ತೆಗೆದರೆ ಹೊಲಕ್ಕೆ ಹೋಗಿಬಿಡುತ್ತೀರಿ. ಪ್ರತಿಮಾಳದೂ ನನ್ನದೇ ಬಾಯಿ. ಹೆದರಿ ಓಡುವವನು ಗಂಟುಬಿದ್ದಿದ್ದರೆ ಇಬ್ಬರ ಬಾಳೂ ಹಾಳಾಗುತ್ತಿತ್ತು. ಇವನು ಓಡುವವನಲ್ಲ.

ಅರ್ಧ ಸುತ್ತಿನಲ್ಲಿ ಗುಂಪು ಎದುರಾಯಿತು. ದಾರಿ ಇಕ್ಕಟ್ಟು. ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡು "ಸಾರಿ, ಸಾರಿ" ಅಂದರು. ನಾವೇಕೆ ಹೀಗೆ ಬಂದೆವೆಂದು ಪ್ರತಿಮಾಳಿಂದ ಕೇಳಿ ತಿಳಿದ ಒಬ್ಬ ಮುದುಕಿ, ತಿರುಗಿ ನನ್ನ ಜೊತೆಗೇ ಹೊರಟಳು. ಅವಳ ಹಿಂದೆ ಇನ್ನೂ ಐದು ಜನ! ಮುಂದಾಳು ತಲೆ ಕೆರೆದುಕೊಂಡು ನಿಂತ.

ಈಗ ನೀವು ಹೇಳಿ, ಒಪ್ಪುತ್ತೀರೋ ಇಲ್ಲವೋ? ನಿಮ್ಮ ಮಾತು ಮೀರಿದವಳಲ್ಲ ನಾನು. ನಿಧಾನವಾಗಿ ಯೋಚಿಸಿ ಬರೆಯಿರಿ.

ಇಂತಿ ನಿಮ್ಮ,
ಶಿವಲಿಂಗಮ್ಮ

ಮರೆತಿದ್ದೆ: ನಿನ್ನೆ ಅವನ ಅಪ್ಪ ಅಮ್ಮ ಬಂದಿದ್ದರು, ಎಲೆ ಅಡಿಕೆ ಬದಲಾಯಿಸಿಬಿಟ್ಟೆ. ನಿಮ್ಮ ಕಡೆಯಿಂದಲೂ ನಾನೇ ತಟ್ಟೆ ಹಿಡಿದೆ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಬರುತ್ತಾರೆ. ಅಷ್ಟರಲ್ಲಿ ತಲೆಬಾಗಿಲು ಒಸಿ ಎತ್ತರ ಮಾಡಿಸಿ, ಹುಡುಗ ಆರೂವರೆ ಅಡಿ ಇದ್ದಾನೆ.