ಮಲ್ಕಪ್ಪ ಸುತ್ತಿದ ಗ್ರಹ

21 ನವೆಂಬರ್ 2021, ಭಾನುವಾರ, ಸಗರ

ಮಲ್ಕಪ್ಪನ ಮುಖ ಕಣ್ಣಿಂದ ಹೋಗುತ್ತಿಲ್ಲ. ನನ್ನ ಹೆಂಡತಿ ರೇಣಮ್ಮನ ತಮ್ಮ, ಕಾಲುವೆಯ ಗೇಟ್ ಕಾಯುವವನು. ಗ್ರಹಗಳ ಮೇಲೆ ನೌಕೆ ಇಳಿಸುವ ಬಾಹ್ಯಾಕಾಶದ ಗೇಮ್ ಆಡುತ್ತಾನೆ. ಹೋದ ತಿಂಗಳು ಬೀಗರೆಲ್ಲ ಊಟಕ್ಕೆ ಕೂತಾಗ ನಾನು ಅವನನ್ನು ನಗೆಪಾಟಲು ಮಾಡಿದೆ. "ಎಲ್ಲೀ ಗ್ರಹನೋ ಅದು, ನಮ್ಮ ಹೊಲದಷ್ಟೂ ಇರೂದಿಲ್ಲ. ಇಳಿಯೂದೂ ಸುಳ್ಳು, ನಡುವ ಚಿತ್ರ ಬದಲಾಯಿಸ್ತಾರ" ಎಂದೆ. ವಿಜ್ಞಾನದ ಮಾಸ್ತರನ ಮಾತೆಂದು ಎಲ್ಲರೂ ನಕ್ಕರು. ಆ ಗೇಮನ್ನು ನಾನು ಒಮ್ಮೆಯೂ ಆಡಿರಲಿಲ್ಲ.

ಇವತ್ತು ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಹಿಡಿದು ಬಂದ. ಆವತ್ತಿನಿಂದ ದಿನಾ ಒಂದು ತಾಸು ಆ ಗ್ರಹದ ಮೇಲೆ ಒಂದೇ ದಿಕ್ಕಿಗೆ ನಡೆದನಂತೆ. ಇಪ್ಪತ್ತಾರನೆಯ ದಿನ ಎದುರಿಗೆ, ಹೊರಟಾಗ ಹಿಂದೆ ಬಿಟ್ಟಿದ್ದ ಅವನದೇ ನೌಕೆ ನಿಂತಿತ್ತು.

"ಖರೇ ಗ್ರಹಕ್ಕಿಂತ ಭಾಳ ಸಣ್ಣದೈತ್ರಿ ಮಾವ. ಆದ್ರ ದುಂಡಗೈತಿ. ನೀವ ಒಮ್ಮೆ ಇಳಿಸಿ ನೋಡ್ರಿ."

ನಾನೇ ನೌಕೆ ಇಳಿಸತೊಡಗಿ ಮೋಡ ದಾಟಿದೆ. ಗುಡ್ಡಗಳು ದೊಡ್ಡವಾಗುತ್ತ ಬಂದವು, ಚಿತ್ರ ಎಲ್ಲೂ ಬದಲಾಗಲಿಲ್ಲ. ನೌಕೆಯನ್ನು ಬಂಡೆಗೆ ಬಡಿದುಬಿಟ್ಟೆ. ಅವನು ನಗಲಿಲ್ಲ.

"ಮೊದಲ ಸಲ ಎಲ್ಲಾರದೂ ಹಿಂಗ ಆಕ್ಕೈತ್ರಿ" ಎಂದ.

ತಪ್ಪಾಯಿತು ಅನ್ನಬೇಕಿತ್ತು. "ಬಣ್ಣ ಅಷ್ಟೇನು ಛಲೋ ಇಲ್ಲ" ಎಂದೆ. "ಹೌದ್ರಿ" ಎಂದು ಲ್ಯಾಪ್‌ಟಾಪ್ ಮುಚ್ಚಿಕೊಂಡು, ರೇಣಮ್ಮ ಚಹಾ ತರುವುದರೊಳಗೆ ಹೋಗಿಬಿಟ್ಟ.

ಈಗ ಬೀಗರ ಮುಂದೆ ನಾನೇ ಒಪ್ಪಿಕೊಳ್ಳಬೇಕು. ಆದರೆ ಆ ನಗು ಅವರಿಗೆ ನೆನಪೂ ಇರಲಿಕ್ಕಿಲ್ಲ. ನೆನಪಿರುವುದು ಅವನಿಗೆ, ಮತ್ತು ನನಗೆ.